ಅವಧಾನದ ಎಳೆ ಕಡಿಯದಿರಲಿ

ಚಿಕ್ಕಬಳ್ಳಾಪುರದ ಮಗ್ಗುಲಲ್ಲಿರುವ ಕಳವಾರ ಗ್ರಾಮದ ಬೆಟ್ಟವನ್ನು ನಮ್ಮ ಹಿರಿಯರು ಕಳವಾರ ದುರ್ಗವೆಂದೇ ಕರೆಯುತ್ತ ಬಂದವರು. ಇಂದಿನ ತರುಣರು ಅದನ್ನು ಸ್ಕಂದಗಿರಿ ಎಂಬ ಹೆಸರಿನಿಂದ ಬಲ್ಲರು. ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದ ಬೆಟ್ಟ. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯಲ್ಲಿ ಶಿಥಿಲವಾದ ಕೋಟೆ. ಚಳಿಗಾಲದ ಮುಂಜಾನೆ ಮೋಡಗಳು ಶಿಖರಕ್ಕಿಂತ ಕೆಳಗೆ ಹಾಲಿನ ಕಡಲಿನಂತೆ ಹಾಸಿಕೊಂಡಿರುತ್ತವೆ. ಒಂದು ಕಾಲಕ್ಕೆ ದನ ಕಾಯುವವರೂ ಮಠಕ್ಕೆ ನಡೆದುಕೊಳ್ಳುವವರೂ ಸುತ್ತಲಿನ ಹಳ್ಳಿಗರೂ ಮಾತ್ರ ಕಂಡಿದ್ದ ಈ ದೃಶ್ಯ ಜಾಲತಾಣಗಳ ಮೂಲಕ ಲೋಕವಿಖ್ಯಾತವಾಯಿತು. ಈಗ ಅರಣ್ಯ ಇಲಾಖೆಯ ಅನುಮತಿ ಪಡೆದು, ಮುಂಗಡವಾಗಿ ಹೆಸರು ನೋಂದಾಯಿಸಿಯೇ ಹತ್ತಬೇಕು.

ಕೆಲವು ವರ್ಷಗಳ ಹಿಂದೆ ನಾವು ಬಂಧುಗಳೊಡನೆ ಆ ಬೆಟ್ಟವೇರಿದ್ದೆವು. ಮೂಡಣ ಕೆಂಪೇರಿತು. ಸೂರ್ಯನ ಅಂಚು ಮೋಡದಿಂದ ಹೊರಬಂದ ಆ ಗಳಿಗೆಯಲ್ಲಿ ಸುತ್ತ ನೋಡಿದರೆ, ಅಲ್ಲಿ ನೆರೆದಿದ್ದವರಲ್ಲಿ ಬಹುಮಂದಿ ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದರು! ತಮ್ಮ ಮುಖದೊಡನೆ ಸೂರ್ಯನೂ ಚಿತ್ರದಲ್ಲಿ ಬರಬೇಕಾದರೆ ಹಾಗೆಯೇ ನಿಲ್ಲಬೇಕಷ್ಟೆ. ಬಿಂಬ ಪೂರ್ತಿಯಾಗಿ ಮೇಲೇರುವ ಮೊದಲೇ ಅರ್ಧದಷ್ಟು ಜನ ತಲೆ ತಗ್ಗಿಸಿ, ಚಿತ್ರ ಹೋಯಿತೇ, ಯಾರಾದರೂ ಮೆಚ್ಚಿದರೇ ಎಂದು ನೋಡುತ್ತಿದ್ದರು. ಅವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ನಮ್ಮ ಕೈಯೂ ಆಗ ಜೇಬಿನಲ್ಲೇ ಇತ್ತು. ಇಳಿದು ಬಂದ ಮೇಲೆ ಮನೆಯ ಮಗುವೊಂದು "ಸೂರ್ಯ ಹೇಗಿದ್ದ?" ಎಂದು ಕೇಳಿದಾಗ, ಮಾತಿನಲ್ಲಿ ಹೇಳಲಾರದೆ ಮೊಬೈಲನ್ನೇ ಮುಂದೆ ಚಾಚಿದೆವು. ಆ ದಿನದಿಂದ ನಮ್ಮನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ. ಒಂದು ವಿಷಯದ ಮೇಲೆ ಮನಸ್ಸನ್ನು ನಿಲ್ಲಿಸುವ ಶಕ್ತಿಯನ್ನು ನಾವು ಕಳೆದುಕೊಳ್ಳುತ್ತಿದ್ದೇವೆಯೆ? ಕಳೆದುಕೊಳ್ಳುತ್ತಿದ್ದರೆ ಮರಳಿ ಪಡೆಯುವ ದಾರಿ ಯಾವುದು?

ಅವಧಾನವೆಂದರೇನು?

ಮನಸ್ಸು ಒಂದೆಡೆ ನೆಲೆನಿಲ್ಲುವುದಕ್ಕೆ ನಮ್ಮ ನುಡಿಯಲ್ಲಿ ಅವಧಾನವೆಂಬ ಸೊಗಸಾದ ಮಾತಿದೆ. ಈ ಹೆಸರಿನದೇ ಒಂದು ಕಲೆಯೂ ನಮ್ಮಲ್ಲಿದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಬಗೆಯ ಸವಾಲೊಡ್ಡುತ್ತಾರೆ. ಒಬ್ಬರು ಸಮಸ್ಯೆಯನ್ನು ಕೊಟ್ಟರೆ ಇನ್ನೊಬ್ಬರು ಇಂಥಿಂಥ ಅಕ್ಷರ ಬರಬಾರದೆಂದು ನಿಷೇಧಿಸುತ್ತಾರೆ. ಅವಧಾನಿ ಕಾಗದ ಲೇಖನಿಗಳ ಹಂಗಿಲ್ಲದೆ ಒಂದೊಂದು ಸುತ್ತಿನಲ್ಲಿ ಒಂದೊಂದು ಪಾದವನ್ನು ರಚಿಸುತ್ತ, ಕೊನೆಯಲ್ಲಿ ಎಲ್ಲವನ್ನೂ ನೆನಪಿನಿಂದ ಒಪ್ಪಿಸಬೇಕು. 1962ರಲ್ಲಿ ಕೋಲಾರದಲ್ಲಿ ಹುಟ್ಟಿದ ಶತಾವಧಾನಿ ಡಾ. ಆರ್. ಗಣೇಶ್ ಅವರು ಈ ಕಲೆಗೆ ಕನ್ನಡದಲ್ಲಿ ಹೊಸ ಜೀವ ತಂದವರು. ನಮ್ಮ ಚಿಕ್ಕಬಳ್ಳಾಪುರವೂ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ ಅದು ನಮಗೂ ಹೆಮ್ಮೆಯ ಸಂಗತಿ.

ಈ ಎಂಟು ಮಂದಿಯಲ್ಲಿ ಒಬ್ಬರ ಕೆಲಸ ಬಹು ವಿಚಿತ್ರ. ಅವರಿಗೆ ಅಪ್ರಸ್ತುತ ಪ್ರಸಂಗಿ ಎಂದು ಹೆಸರು. ಅವಧಾನಿ ಗಂಭೀರವಾಗಿ ಪದ್ಯ ಕಟ್ಟುತ್ತಿರುವಾಗ ನಡುವೆ ಬಾಯಿ ಹಾಕಿ, ಸಂಬಂಧವೇ ಇಲ್ಲದ ಮಾತು ತೆಗೆದು, ನಗಿಸಿ, ಕೆಣಕಿ, ಅವರ ಏಕಾಗ್ರತೆಯನ್ನು ಕೆಡಿಸಲೆತ್ನಿಸುವುದೇ ಅವರ ಹೊಣೆ. ಅವಧಾನಿಯಾದವರು ಅದಕ್ಕೂ ಚಮತ್ಕಾರದ ಉತ್ತರ ಕೊಟ್ಟು, ಹಿಡಿದ ಎಳೆಯನ್ನು ಬಿಡದೆ ಮುಂದುವರಿಯುತ್ತಾರೆ.

ಇಂದು ನಮ್ಮೆಲ್ಲರ ಜೇಬಿನಲ್ಲೂ ಒಬ್ಬ ಅಪ್ರಸ್ತುತ ಪ್ರಸಂಗಿ ಕುಳಿತಿದ್ದಾನೆ. ಮಗು ಲೆಕ್ಕ ಮಾಡುತ್ತಿರುವಾಗ, ಗೃಹಿಣಿ ಒಗ್ಗರಣೆ ಹಾಕುತ್ತಿರುವಾಗ, ಗೃಹಸ್ಥನು ಪೂಜೆಗೆ ಕುಳಿತಾಗ ಆತ ಟಿಣ್ ಎನ್ನುತ್ತಾನೆ. ಆದರೆ ನಾವು ಯಾರೂ ಅವಧಾನಿಗಳಲ್ಲ. ಆತನಿಗೆ ಉತ್ತರ ಕೊಡಲು ಹೋದವರು ಹಿಡಿದಿದ್ದ ಎಳೆಯನ್ನು ಅಲ್ಲಿಯೇ ಕೈಬಿಡುತ್ತೇವೆ.

ರೇಷ್ಮೆಯ ನಾಡಿಗೆ ಹೊಸ ರೀಲು

ರೀಲ್ ಎಂಬ ಮಾತು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆಲ್ಲ ರೀಲರ್ ಎಂದರೆ ಗೂಡು ಕೊಂಡು ನೂಲು ಬಿಚ್ಚುವವರು. ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ನವಿರಾದ ಎಳೆಗಳನ್ನು ಹುಡುಕಿ ತೆಗೆದು, ಒಂದುಗೂಡಿಸಿ ನೂಲು ಮಾಡುವ ಕೆಲಸ ಅದು. ಉತ್ತಮವಾದ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆ ಇರುತ್ತದೆ. ಒಂದು ಗೂಡು ಮುಗಿದೊಡನೆ ಮತ್ತೊಂದರ ಎಳೆಯನ್ನು ಸೇರಿಸಬೇಕು; ಕಣ್ಣು ಅತ್ತಿತ್ತ ಹೋದರೆ ನೂಲು ತೆಳ್ಳಗಾಗುತ್ತದೆ, ಕಡಿಯುತ್ತದೆ.

ಹುಳು ಸಾಕಣೆಯೂ ಹಾಗೆಯೇ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕು ವಾರ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಅದನ್ನು ಜ್ವರವೆನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕಬಾರದು. ಎದ್ದ ಮೇಲೆ ತಡ ಮಾಡಬಾರದು. ಕೊನೆಗೆ ಹಣ್ಣಾದ ಹುಳುವನ್ನು ಹೊತ್ತರಿತು ಆರಿಸಿ ಚಂದ್ರಂಕಿಗೆ ಬಿಡಬೇಕು. ಈ ನಾಲ್ಕು ವಾರ ಮನೆಮಂದಿಯ ಕಣ್ಣು ಹುಳುವಿನ ಮೇಲೆಯೇ. ಈ ಮಾತನ್ನು ನಮಗೆ ಮನಗಾಣಿಸಿದವರು ನಮ್ಮ ಸೋದರತ್ತೆಯವರು. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋಗಿ ಹುಳು ಸಾಕುತ್ತಲೇ ತಲೆ ನರೆಸಿಕೊಂಡ ಆ ತಾಯಿಯ ಮಾತಿಗೆ ಮುಂದೆ ಮರಳಿ ಬರುತ್ತೇವೆ.

ಈಗ ನಮ್ಮ ಮನೆಗಳಿಗೆ ಬಂದಿರುವ ರೀಲು ಬೇರೆ ಬಗೆಯದು. ಫೇಸ್‌ಬುಕ್ 2004ರಲ್ಲಿ, ಯೂಟ್ಯೂಬ್ 2005ರಲ್ಲಿ, ವಾಟ್ಸ್ಆ್ಯಪ್ 2009ರಲ್ಲಿ, ಇನ್‌ಸ್ಟಾಗ್ರಾಮ್ 2010ರಲ್ಲಿ ಹುಟ್ಟಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅಂತರ್ಜಾಲ ಅಗ್ಗವಾಗಿ ಹಳ್ಳಿಹಳ್ಳಿಗೂ ತಲುಪಿತು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಪಾಠಕ್ಕಾಗಿ ಮಕ್ಕಳ ಕೈಗೆ ಮೊಬೈಲು ಕೊಟ್ಟವರು ನಾವೇ. ಅದೇ ವರ್ಷದ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಬರಿದಾದ ಆ ಜಾಗಕ್ಕೆ ಜುಲೈನಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂದು ಕುಳಿತವು. ರೇಷ್ಮೆಯ ರೀಲು ತುಂಡು ಎಳೆಗಳನ್ನು ಸೇರಿಸಿ ಉದ್ದ ನೂಲನ್ನು ಮಾಡಿದರೆ, ಈ ರೀಲು ಉದ್ದವಾದ ಮನಸ್ಸನ್ನು ಅರ್ಧ ಅರ್ಧ ನಿಮಿಷದ ತುಂಡುಗಳಾಗಿ ಕತ್ತರಿಸುತ್ತದೆ.

ಮುಗಿಯದಿರುವುದೇ ಅದರ ಗುಟ್ಟು

ದೂರದರ್ಶನ ಬಂದಾಗಲೂ ಹಿರಿಯರು ಹೀಗೆಯೇ ಆತಂಕಪಟ್ಟಿದ್ದರಲ್ಲವೇ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. 1987-88ರಲ್ಲಿ ಭಾನುವಾರದ ಬೆಳಗ್ಗೆ ರಾಮಾಯಣ ಪ್ರಸಾರವಾಗುತ್ತಿದ್ದಾಗ ಬೀದಿಗಳು ಬರಿದಾಗುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಕಂತು ಮುಗಿಯುತ್ತಿತ್ತು. ಮುಗಿದೊಡನೆ ಮಕ್ಕಳು ಆಟಕ್ಕೆ, ಹಿರಿಯರು ಕೆಲಸಕ್ಕೆ ಹೋಗುತ್ತಿದ್ದರು. ಮುಂದಿನದಕ್ಕೆ ಒಂದು ವಾರ ಕಾಯಬೇಕಿತ್ತು. ಪತ್ರಿಕೆಗೂ ಕಡೆಯ ಪುಟವೊಂದಿರುತ್ತದೆ.

ಜಾಲತಾಣಕ್ಕೆ ಕಡೆಯ ಪುಟವಿಲ್ಲ. ಬೆರಳು ಸರಿಸಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ವಿಧಾನವನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು. ಓದುಗರಿಗೆ ಅನುಕೂಲವಾಗಲೆಂದು ಮಾಡಿದ ಆ ಉಪಾಯ ಜನರ ಕಾಲವನ್ನು ನುಂಗುವುದಾಯಿತೆಂದು ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಇದರೊಡನೆ ಸೇರಿದ್ದು ಮೆಚ್ಚುಗೆಯ ಗುಂಡಿ. ಫೇಸ್‌ಬುಕ್ಕಿನಲ್ಲಿ ಅದು ಕಾಣಿಸಿಕೊಂಡದ್ದು 2009ರಲ್ಲಿ.

ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿಯೇ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಒಂದು ಸತ್ಯವನ್ನು ತೋರಿಸಿದ್ದರು. ಗುಂಡಿ ಒತ್ತಿದಾಗಲೆಲ್ಲ ಕಾಳು ಬಿದ್ದರೆ ಪ್ರಾಣಿ ಹಸಿದಾಗ ಮಾತ್ರ ಒತ್ತುತ್ತದೆ. ಒಮ್ಮೆ ಬಿದ್ದು ಹಲವು ಸಲ ಬೀಳದೆ, ಯಾವಾಗ ಬೀಳುವುದೆಂದು ತಿಳಿಯದಂತಿದ್ದರೆ ಬಿಡದೆ ಒತ್ತುತ್ತಲೇ ಇರುತ್ತದೆ. ಜೂಜಿನ ಯಂತ್ರದ ಸೆಳೆತವೂ ಇದೇ. ಹತ್ತು ರೀಲುಗಳು ಸಪ್ಪೆಯಾದರೂ ಹನ್ನೊಂದನೆಯದು ರುಚಿಯಾಗಿರಬಹುದೆಂಬ ಆಸೆಯೇ ನಮ್ಮ ಬೆರಳನ್ನು ಸರಿಸುತ್ತದೆ. ನಾವು ನೋಡುವ ಒಂದೊಂದು ನಿಮಿಷವೂ ಜಾಹೀರಾತಾಗಿ ಮಾರಾಟವಾಗುತ್ತದೆ. ಮಾಹಿತಿ ಹೆಚ್ಚಾದಂತೆ ಅವಧಾನಕ್ಕೆ ಬರ ಬರುತ್ತದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲಿಯೇ ಎಚ್ಚರಿಸಿದ್ದರು. ಬರ ಬಿದ್ದ ಪದಾರ್ಥಕ್ಕೆ ಬೆಲೆ ಏರುವುದು ಸಹಜ. ಇಂದಿನ ಸಂತೆಯಲ್ಲಿ ಹರಾಜಾಗುತ್ತಿರುವ ಸರಕು ನಮ್ಮ ಮನೆಮಂದಿಯ ಗಮನವೇ ಆಗಿದೆ.

ವಿಜ್ಞಾನ ಏನೆನ್ನುತ್ತದೆ?

ಮನುಷ್ಯನ ಏಕಾಗ್ರತೆ ಎಂಟು ಸೆಕೆಂಡಿಗೆ ಇಳಿದಿದೆ, ಹೊಂಬಣ್ಣದ ಅಕ್ವೇರಿಯಂ ಮೀನಿಗಿಂತಲೂ ಕಡಿಮೆಯಾಗಿದೆ ಎಂಬ ಮಾತನ್ನು ವಾಟ್ಸ್ಆ್ಯಪಿನಲ್ಲಿ ಅನೇಕರು ಓದಿರಬಹುದು. 2015ರಲ್ಲಿ ಕೆನಡಾದ ಮೈಕ್ರೋಸಾಫ್ಟ್ ಸಂಸ್ಥೆಯ ವರದಿಯೊಂದರಿಂದ ಹಬ್ಬಿದ ಈ ಮಾತಿಗೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಭಯ ಹುಟ್ಟಿಸುವ ಸುಳ್ಳಿನಿಂದ ಯಾರಿಗೂ ಉಪಕಾರವಾಗದು. ಆಧಾರವಿರುವ ಸಂಗತಿಗಳೇ ಸಾಕಷ್ಟಿವೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಗ್ಲೋರಿಯಾ ಮಾರ್ಕ್ ಅವರು ಜನರು ಕೆಲಸ ಮಾಡುವ ಸ್ಥಳದಲ್ಲಿಯೇ ಎರಡು ದಶಕಗಳ ಕಾಲ ಇದನ್ನು ಅಳೆಯುತ್ತ ಬಂದವರು. 2004ರಲ್ಲಿ ಒಬ್ಬ ವ್ಯಕ್ತಿ ಪರದೆಯ ಮೇಲಿನ ಒಂದು ವಿಷಯದಲ್ಲಿ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದನು. 2012ರ ಸುಮಾರಿಗೆ ಅದು 75 ಸೆಕೆಂಡಿಗೆ ಇಳಿಯಿತು. ಅನಂತರದ ವರ್ಷಗಳಲ್ಲಿ 47 ಸೆಕೆಂಡಿಗೆ ಬಂದಿತು. 2023ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ವಿವರಗಳಿವೆ. ಇದು ಮಿದುಳಿನ ಶಕ್ತಿಯ ಅಳತೆಯಲ್ಲ, ಅಭ್ಯಾಸದ ಅಳತೆ ಎಂಬುದನ್ನು ಮರೆಯಬಾರದು. ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿತು. ಕೆಲಸದ ನಡುವಿನ ಅಡಚಣೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊರಗಿನಿಂದ ಬಂದವಲ್ಲ, ನಾವೇ ತಂದುಕೊಂಡವು. ಗಂಟೆ ಬಾರಿಸದಿದ್ದರೂ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತದೆ.

ಮಕ್ಕಳ ವಿಷಯವಾಗಿ, ಅಮೆರಿಕದ ಲಾಸ್ ಏಂಜಲಿಸಿನಲ್ಲಿ 2,587 ಹದಿಹರೆಯದ ವಿದ್ಯಾರ್ಥಿಗಳನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಜಾಲತಾಣ ಮೊದಲಾದವುಗಳನ್ನು ಪದೇ ಪದೇ ಬಳಸುವವರಲ್ಲಿ ಗಮನ ನಿಲ್ಲದಿರುವ ಲಕ್ಷಣಗಳು ತುಸು ಹೆಚ್ಚಾಗಿ ಕಂಡುಬಂದವು. ಬಳಕೆಯೇ ಕಾರಣವೆಂದು ಅದರಿಂದ ಖಚಿತವಾಗಿ ಹೇಳಲಾಗದು. ಚಂಚಲ ಸ್ವಭಾವದ ಮಕ್ಕಳೇ ಮೊಬೈಲಿಗೆ ಹೆಚ್ಚು ಅಂಟಿಕೊಳ್ಳುವುದೂ ಉಂಟು. ನಮ್ಮ ದೇಶದ ಗ್ರಾಮೀಣ ಮಕ್ಕಳ ಬಗೆಗಿನ ಅಸರ್ 2024ರ ಸಮೀಕ್ಷೆಯಂತೆ, 14ರಿಂದ 16 ವಯಸ್ಸಿನವರಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು. ಹೀಗೆ ಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಕಲಿಕೆಗಾಗಿ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ನೂರಕ್ಕೆ 76. "ಓದಿಕೊಳ್ಳಲಿ ಎಂದು ಕೊಡಿಸಿದೆವು" ಎನ್ನುವ ತಂದೆತಾಯಿಗಳು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇಷ್ಟರ ನಡುವೆ ಒಂದು ಶುಭವಾರ್ತೆಯೂ ಇದೆ. 2025ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 467 ಮಂದಿಯ ಮೊಬೈಲಿನಲ್ಲಿ ಎರಡು ವಾರ ಅಂತರ್ಜಾಲವನ್ನಷ್ಟೇ ತಡೆಹಿಡಿಯಲು ಏರ್ಪಾಡು ಮಾಡಲಾಯಿತು. ಕರೆ ಮಾಡಲು, ಸಂದೇಶ ಕಳಿಸಲು, ಗಣಕಯಂತ್ರ ಬಳಸಲು ಅಡ್ಡಿಯಿರಲಿಲ್ಲ. ಅನೇಕರಿಗೆ ಎರಡು ವಾರ ಪೂರ್ತಿ ನಿಯಮ ಪಾಲಿಸಲಾಗಲಿಲ್ಲ. ಆದರೂ ಅವರ ಗಮನ ನಿಲ್ಲುವ ಶಕ್ತಿ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಹತ್ತು ವರ್ಷ ವಯಸ್ಸು ಹಿಂದಕ್ಕೆ ಹೋದಷ್ಟು ಎಂದು ಸಂಶೋಧಕರು ಅಂದಾಜಿಸಿದರು. ಮನಸ್ಸಿನ ನೆಮ್ಮದಿಯೂ ಹೆಚ್ಚಿತು. ಎಂದರೆ, ಕಡಿದ ಎಳೆಯನ್ನು ಮತ್ತೆ ಸೇರಿಸಲು ಬರುತ್ತದೆ.

ನಮ್ಮ ಮನೆಯದೇ ಒಂದು ಮಾತು

ಈಗ ಸೋದರತ್ತೆಯವರ ವಿಷಯ. ಅವರು ತಮ್ಮ ಕೊನೆಯ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೆಲವು ಕಾಲ ಇದ್ದರು. ಒಂದು ಸಂಜೆ ಜಗುಲಿಯಲ್ಲಿ ಕುಳಿತು, ತಾವು ಮದುವೆಯಾಗಿ ಹೋದ ಹೊಸತರಲ್ಲಿ ಒಂದು ವರ್ಷ ಹುಳುವೆಲ್ಲ ರೋಗಬಿದ್ದು ಬೆಳೆ ಕೈಕೊಟ್ಟ ಕಥೆಯನ್ನು ಹೇಳತೊಡಗಿದರು. ಚಾಕಿ ಹುಳು ತಂದದ್ದು, ಎರಡನೆಯ ಜ್ವರದವರೆಗೆ ಚೆನ್ನಾಗಿದ್ದದ್ದು, ಆಮೇಲೆ ತಟ್ಟೆ ತಟ್ಟೆಯೇ ತಿಪ್ಪೆಗೆ ಹೋದದ್ದು, ಮನೆಯಲ್ಲಿ ಸಾಲಗಾರರು ಕುಳಿತದ್ದು. "ಆವಾಗ ನಮ್ಮ ಮಾವನವರು ಒಂದು ಮಾತು ಹೇಳಿದ್ರು..." ಎನ್ನುವಷ್ಟರಲ್ಲಿ ನಮ್ಮ ಮೊಬೈಲು ಸದ್ದು ಮಾಡಿತು. ಯಾವುದೋ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಯಾರೋ ಶುಭ ಕೋರಿದ್ದರು. ನೋಡಿ ಇಟ್ಟೆವು, ಇನ್ನೊಂದು ಬಂತು, ಅದನ್ನೂ ನೋಡಿದೆವು. ತಲೆಯೆತ್ತಿದಾಗ ಅತ್ತೆಯವರು ಸುಮ್ಮನೆ ನಮ್ಮನ್ನೇ ನೋಡುತ್ತ ಕುಳಿತಿದ್ದರು. "ನೀನು ನೋಡ್ಕೊಳಪ್ಪ, ಏನೋ ಬಂದೈತೆ. ಆಮೇಲೆ ಹೇಳ್ತೀನಿ ಬಿಡು" ಎಂದರು. ಬೇಸರವಿಲ್ಲದೆ, ನಮಗೆ ಅನುಕೂಲ ಮಾಡಿಕೊಡುವಂತೆ ಹೇಳಿದರು.

ಆ "ಆಮೇಲೆ" ಬರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಅವರು ಲಿಂಗೈಕ್ಯರಾದರು. ಬೆಳೆ ಹೋದ ವರ್ಷ ಅವರ ಮಾವನವರು ಹೇಳಿದ ಮಾತು ಏನೆಂಬುದು, ಆ ಸಂಸಾರ ಹೇಗೆ ದಡ ಸೇರಿತೆಂಬುದು ಈಗ ಯಾರಿಗೂ ತಿಳಿಯದು. ಅಂದು ಹುಟ್ಟುಹಬ್ಬ ಯಾರದಿತ್ತೆಂಬುದೂ ನಮಗೆ ನೆನಪಿಲ್ಲ. ಏಕಾಗ್ರತೆಯ ನಷ್ಟವೆಂದರೆ ಪರೀಕ್ಷೆಯ ಅಂಕಗಳ ನಷ್ಟವೊಂದೇ ಎಂದು ನಾವು ಭಾವಿಸಿದ್ದೆವು. ಎದುರಿಗಿರುವವರು ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ನಷ್ಟವೆಂದು ಆಮೇಲೆ ತಿಳಿಯಿತು. ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ, ಸೊಸೆ ಅತ್ತೆಗೆ, ಮಗು ತಾಯಿಗೆ ಹೇಳಬೇಕೆಂದಿದ್ದ ಎಷ್ಟು ಮಾತುಗಳು ಹೀಗೆ ಗಂಟಲಲ್ಲೇ ಉಳಿದಿವೆಯೋ!

ಪೂಜೆಯ ಪೀಠದಲ್ಲಿ, ಪ್ರವಚನದ ಅಂಗಳದಲ್ಲಿ

ನಮ್ಮ ಮನೆಗಳಿಗೆ ಏಕಾಗ್ರತೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟು ಅದರಲ್ಲಿಯೇ ದೃಷ್ಟಿ ನೆಡುವ ಪೂಜೆ ನಮ್ಮಲ್ಲಿ ನಿತ್ಯದ್ದು. ಕಣ್ಣು ನಿಂತರೆ ಮನ ನಿಲ್ಲುತ್ತದೆಂಬ ಅನುಭವದ ಮೇಲೆ ನಿಂತ ಸಾಧನೆ ಅದು. ಅದೇ ಅಂಗೈಯಲ್ಲಿ ಈಗ ದಿನದ ಬಹುಪಾಲು ಏನಿರುತ್ತದೆಂಬುದನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಹತ್ತು ನಿಮಿಷದ ಪೂಜೆಯಲ್ಲಿ ಮನಸ್ಸು ಎಷ್ಟು ಸಲ ಮೊಬೈಲಿನತ್ತ ಓಡಿತೆಂದು ಪ್ರಾಮಾಣಿಕವಾಗಿ ಎಣಿಸಿಕೊಂಡರೆ ಯಾವ ಸಂಶೋಧನೆಯ ಅಂಕಿ ಅಂಶಗಳೂ ಬೇಕಾಗವು.

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನು ಕೇಳಿದವರು ಆ ಮೌನವನ್ನು ಮರೆಯಲಾರರು. ಮುಂಜಾನೆಯ ಚಳಿಯಲ್ಲಿ ಸಾವಿರಾರು ಜನ, ತಿಂಗಳುಗಟ್ಟಲೆ, ಸೂಜಿ ಬಿದ್ದರೂ ಕೇಳುವಂತೆ ಕುಳಿತಿರುತ್ತಿದ್ದರು. ಜೇಬಿಲ್ಲದ ಬಿಳಿಯ ಅಂಗಿ ತೊಡುತ್ತಿದ್ದ ಆ ಪೂಜ್ಯರು 2023ರ ಜನವರಿ 2ರಂದು ದೇಹ ಬಿಟ್ಟರು. ಅವರ ವಾಣಿ ಇಂದು ಮೊಬೈಲಿನಲ್ಲಿ ದೊರೆಯುತ್ತದೆಂಬುದು ನಮ್ಮ ಭಾಗ್ಯವೇ ಸರಿ. ಆದರೆ ಬಹುಮಂದಿ ಕೇಳುವುದು ಅರ್ಧ ನಿಮಿಷದ ತುಣುಕನ್ನು. ಅದನ್ನು ನಾಲ್ಕು ಗುಂಪುಗಳಿಗೆ ಕಳಿಸಿದರೆ ಶ್ರವಣ ಮನನಗಳೆರಡೂ ಮುಗಿದಂತೆ. ಒಂದು ಗಂಟೆಯ ಪ್ರವಚನದಲ್ಲಿ ಮಾತಿಗಿಂತ ಮಾತಿನ ನಡುವಿನ ಬಿಡುವು ಹೆಚ್ಚು ಕಲಿಸುತ್ತಿತ್ತು. ತುಣುಕಿನಲ್ಲಿ ಆ ಬಿಡುವನ್ನೇ ಕತ್ತರಿಸಿರುತ್ತಾರೆ.

ಡಾ. ಫ. ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯದೆ ಇರಲಾರೆವು. ವಕೀಲಿ ವೃತ್ತಿಯ ಆದಾಯವನ್ನೂ ಸಂಸಾರದ ಸುಖವನ್ನೂ ಬದಿಗಿಟ್ಟು, ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಸಿ, ಒಂದೊಂದು ಗರಿಯನ್ನೂ ಓದಿ ಹೋಲಿಸಿ, 1923ರಲ್ಲಿ ವಚನಶಾಸ್ತ್ರ ಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇಂದು ನಾವು ಬೆರಳ ತುದಿಯಲ್ಲಿ ವಚನಗಳನ್ನು ಹುಡುಕಬಲ್ಲೆವು. ಹುಡುಕಿದ ವಚನವೊಂದರ ಮುಂದೆ ಐದು ನಿಮಿಷ ಕುಳಿತುಕೊಳ್ಳುವ ತಾಳ್ಮೆಯನ್ನು ಮಾತ್ರ ಯಂತ್ರ ಕೊಡಲಾರದು.

ಸೈರನ್ ಕೂಗಿದ ಊರುಗಳು

ಈ ಸಮಸ್ಯೆಗೆ ಊರಿಗೆ ಊರೇ ಸೇರಿ ಉತ್ತರ ಹುಡುಕಿದ ಉದಾಹರಣೆ ನಮ್ಮ ಗಡಿಯಾಚೆಯಲ್ಲಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದಲ್ಲಿ ಕೊರೊನಾ ನಂತರ ಶಾಲೆಗೆ ಮರಳಿದ ಮಕ್ಕಳ ಮನಸ್ಸು ಪಾಠದಲ್ಲಿ ನಿಲ್ಲದಿರುವುದನ್ನು ಶಿಕ್ಷಕರು ಕಂಡರು. ಗ್ರಾಮಸಭೆಯಲ್ಲಿ ಚರ್ಚೆಯಾಗಿ, 2022ರ ಸ್ವಾತಂತ್ರ್ಯೋತ್ಸವದ ವೇಳೆಗೆ ಒಂದು ಕಟ್ಟಳೆ ಜಾರಿಗೆ ಬಂತು. ಸಂಜೆ ಏಳಕ್ಕೆ ದೇವಾಲಯದಿಂದ ಸೈರನ್ ಕೂಗುತ್ತದೆ, ಮನೆಮನೆಯ ಟಿ.ವಿ., ಮೊಬೈಲುಗಳು ಬಂದ್ ಆಗುತ್ತವೆ. ಎಂಟೂವರೆಗೆ ಮತ್ತೊಮ್ಮೆ ಕೂಗುವವರೆಗೆ ಮಕ್ಕಳಿಗೆ ಓದು, ಹಿರಿಯರಿಗೆ ಮಾತುಕತೆ. ಈ ಹಾದಿ ನಮ್ಮ ರಾಜ್ಯಕ್ಕೂ ಬಂತು. ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮದವರು 2024ರ ಡಿಸೆಂಬರಿನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಇದೇ ಕ್ರಮವನ್ನು ಕೈಗೊಂಡರು.

ಸರ್ಕಾರಗಳೂ ಎಚ್ಚೆತ್ತಿವೆ. ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲವೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಷ್ಟು ಹಿಂದೆಯೇ, ತಂತ್ರಜ್ಞಾನದ ಗೀಳಿಗೆ ಸಿಲುಕಿದವರಿಗಾಗಿ ಶಟ್ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ದೇಶದಲ್ಲಿಯೇ ಇಂಥದು ಮೊದಲನೆಯದು. ಕಾನೂನು, ಸೈರನ್, ಆಸ್ಪತ್ರೆಗಳು ಬೇಕು. ಆದರೆ ಅಭ್ಯಾಸ ಹುಟ್ಟುವುದೂ ಕೆಡುವುದೂ ಮನೆಯಲ್ಲಿಯೇ.

ಮನೆಯಲ್ಲಿ ಮಾಡಬಹುದಾದದ್ದು

ಮೊಬೈಲನ್ನು ಬಾವಿಗೆಸೆಯಿರೆಂದು ನಾವು ಹೇಳುವುದಿಲ್ಲ. ಗೂಡಿನ ಧಾರಣೆ ತಿಳಿಯಲು, ಮಳೆಯ ಮುನ್ಸೂಚನೆಗೆ, ದೂರದ ಮಕ್ಕಳ ಮುಖ ನೋಡಲು ಅದು ಉಪಕಾರಿ. ಅದು ಆಳಾಗಿರಲಿ, ಅರಸನಾಗದಿರಲಿ ಎಂಬುದಷ್ಟೇ ನಮ್ಮ ವಿನಂತಿ.

ಮೊದಲನೆಯದು, ಹಿರಿಯರಿಂದಲೇ ಆರಂಭವಾಗಬೇಕು. ತಂದೆ ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲಿಟ್ಟುಕೊಂಡು ಮಗನಿಗೆ ಬುದ್ಧಿ ಹೇಳಿದರೆ ಅದು ನಾಟುವುದಿಲ್ಲ.

ಎರಡನೆಯದು, ದೀಪ ಹಚ್ಚುವ ಹೊತ್ತಿನಿಂದ ಊಟ ಮುಗಿಯುವವರೆಗೆ ಮನೆಯ ಎಲ್ಲ ಮೊಬೈಲುಗಳಿಗೂ ಒಂದು ಜಾಗ ಗೊತ್ತುಮಾಡಬಹುದು. ಹಳೆಯ ಮನೆಗಳಲ್ಲಿ ಗೋಡೆಯೊಳಗೆ ದೀಪದ ಗೂಡುಗಳಿದ್ದವು. ಅಂಥದೊಂದು ಗೂಡು ಸಾಕು. ತುರ್ತು ಕರೆ ಬಂದರೆ ಸದ್ದು ಕೇಳಿಸುತ್ತದೆ. ರಾತ್ರಿ ಮಲಗುವ ಕೋಣೆಗೆ ಮಕ್ಕಳು ಮೊಬೈಲನ್ನು ಒಯ್ಯದಿರಲಿ.

ಮೂರನೆಯದು, ಕರೆಗಳನ್ನು ಬಿಟ್ಟು ಉಳಿದ ಸದ್ದುಗಳನ್ನೆಲ್ಲ ನಿಲ್ಲಿಸಿಬಿಡಬಹುದು. ನಮ್ಮ ಅಪ್ರಸ್ತುತ ಪ್ರಸಂಗಿಯ ಬಾಯಿ ಕಟ್ಟುವ ಅತಿ ಸುಲಭದ ಉಪಾಯವಿದು. ಸಂದೇಶಗಳನ್ನು ನಾವು ಬಯಸಿದ ಹೊತ್ತಿಗೆ ನೋಡೋಣ, ಅವು ಕರೆದ ಹೊತ್ತಿಗಲ್ಲ.

ನಾಲ್ಕನೆಯದು, ದಿನಕ್ಕೆ ಹತ್ತು ನಿಮಿಷ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಕಥೆಯಾಗಲಿ, ಶರಣರ ಚರಿತ್ರೆಯಾಗಲಿ, ಪತ್ರಿಕೆಯಾಗಲಿ ಅಡ್ಡಿಯಿಲ್ಲ. ತಿಂಗಳು ಕಳೆದಂತೆ ಹತ್ತು ಹದಿನೈದಾಗುತ್ತದೆ. ಪ್ರವಚನ ಕೇಳುವುದಾದರೆ ವಾರಕ್ಕೊಂದಾದರೂ ಇಡಿಯಾಗಿ ಕೇಳೋಣ.

ಐದನೆಯದು, ಎಳೆಯ ಮಕ್ಕಳ ವಿಷಯ. ತುತ್ತು ಉಣಿಸಲು ಮೊಬೈಲು ತೋರಿಸುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ತಿಳಿಸಿದೆ. ಚಂದಮಾಮನನ್ನು ತೋರಿಸಿ ಉಣಿಸಿದ ನಮ್ಮ ತಾಯಂದಿರಿಗೆ ಇದು ಯಾರೂ ಹೇಳದೆಯೇ ತಿಳಿದಿತ್ತು.

ಕೊನೆಯದಾಗಿ, ಮಗು ಊಟ, ನಿದ್ದೆ, ಶಾಲೆಗಳನ್ನು ಬಿಟ್ಟು ಮೊಬೈಲಿಗೆ ಅಂಟಿಕೊಂಡಿದ್ದರೆ ಹೊಡೆದು ಕಿತ್ತುಕೊಳ್ಳುವುದರಿಂದ ಫಲವಿಲ್ಲ. ಅದು ಹಟಮಾರಿತನವಲ್ಲ, ನೆರವು ಬೇಡುವ ಸ್ಥಿತಿ. ವೈದ್ಯರ ಬಳಿಗೆ ಕರೆದೊಯ್ಯಲು ನಾಚಿಕೆಪಡಬಾರದು.

ಹುಳು ಜ್ವರಕ್ಕೆ ಕುಳಿತಾಗ ಮನೆಯವರು ಸದ್ದಿಲ್ಲದೆ ಕಾಯುತ್ತಾರೆ. ಏನೂ ನಡೆಯುತ್ತಿಲ್ಲವೆಂದು ತೋರುವ ಆ ಹೊತ್ತಿನಲ್ಲಿಯೇ ಹುಳು ಹಳೆಯ ಪೊರೆ ಬಿಟ್ಟು ಬೆಳೆಯುತ್ತದೆ. ಮಕ್ಕಳ ಮನಸ್ಸಿಗೂ ಅಂಥ ಬಿಡುವು ಬೇಕು. "ಬೇಸರ" ಎಂದೊಡನೆ ಮೊಬೈಲು ಕೊಡದೆ ಸ್ವಲ್ಪ ಹೊತ್ತು ಬೇಸರಪಡಲು ಬಿಟ್ಟರೆ, ಅಲ್ಲಿಂದಲೇ ಆಟವೂ ಪ್ರಶ್ನೆಯೂ ಹುಟ್ಟುತ್ತವೆ.

ನಾವು ಮತ್ತೊಮ್ಮೆ ಕಳವಾರದ ಬೆಟ್ಟ ಹತ್ತಬೇಕೆಂದಿದ್ದೇವೆ. ಈ ಬಾರಿ ಅಂದು ಪ್ರಶ್ನೆ ಕೇಳಿದ್ದ ಮಗುವನ್ನೂ ಕರೆದೊಯ್ಯುತ್ತೇವೆ. ಸೂರ್ಯನಿಗೆ ಮುಖ ಮಾಡಿಯೇ ನಿಲ್ಲುತ್ತೇವೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ; ಓದುಗ ಬಂಧುಗಳೂ ಈ ಸಂಜೆಯೇ ಅದನ್ನು ಮಾಡಲೆಂದು ಪ್ರಾರ್ಥಿಸುತ್ತೇವೆ. ಮನೆಯಲ್ಲಿರುವ ಹಿರಿಯ ಜೀವದ ಪಕ್ಕದಲ್ಲಿ, ಮೊಬೈಲನ್ನು ಗೂಡಿನಲ್ಲಿಟ್ಟು ಬಂದು ಕುಳಿತು, "ಆಮೇಲೆ ಏನಾಯಿತು?" ಎಂದು ಕೇಳೋಣ. ಅವರು ಹೇಳಿ ಮುಗಿಸುವವರೆಗೂ ಕೇಳೋಣ.